ತೊಟ್ಟಿಯ ಹುಲ್ಲಿಗೆ ಕ್ಷೌರ

ಊರಿನ ಅರ್ಧ ತಲೆಗಳು ತಮ್ಮ ಮುಂದೆ ಬಗ್ಗಿವೆ ಎಂದು ತಾತ ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದೇ ಬೀದಿಯಲ್ಲಿ ಒಂದೇ ಕ್ಷೌರದಂಗಡಿಯನ್ನು ನಲವತ್ತೊಂದು ವರ್ಷ ನಡೆಸಿದವರು ಅವರು. ಬ್ಯಾಂಕಿನ ಮ್ಯಾನೇಜರನಾಗಲಿ, ಗಾಡಿ ತಳ್ಳುವವನಾಗಲಿ, ಆ ಕುರ್ಚಿಯಲ್ಲಿ ಕೂತ ಮೇಲೆ ತಾತ ‘ಹೂಂ, ಬಗ್ಗಿ’ ಎಂದರೆ ಬಗ್ಗಲೇಬೇಕಿತ್ತು. ಅಂಥವರ ಕತ್ತರಿಯನ್ನು ಈಗ ಮನೆಯವರು ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿ, ಅಡುಗೆಮನೆಯ ಕಪಾಟಿನ ನೆತ್ತಿಯ ಮೇಲೆ ಇಟ್ಟುಬಿಟ್ಟಿದ್ದರು. ಕಾರಣ, ಮೊಮ್ಮಗಳ ಕಿವಿ.

ಆದದ್ದು ಇಷ್ಟು. ಒಂದು ಭಾನುವಾರ ಬೆಳಿಗ್ಗೆ ತಾತ ಹತ್ತು ವರ್ಷದ ಮೊಮ್ಮಗಳನ್ನು ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಕುತ್ತಿಗೆಗೆ ಟವೆಲ್ ಸುತ್ತಿ ಕೂದಲು ಕತ್ತರಿಸುತ್ತಿದ್ದರು. ಎಡಗಿವಿಯ ಮೇಲ್ತುದಿ ಕತ್ತರಿಗೆ ಸಿಕ್ಕಿತು. ಟವೆಲೆಲ್ಲ ರಕ್ತ. ಹುಡುಗಿ ಕಿರುಚುವ ಮೊದಲೇ ತಾತ, ‘ಅಲ್ಲಾಡಿಬಿಟ್ಟಳು’ ಎಂದರು. ‘ನಾನು ಅಲ್ಲಾಡ್ಲಿಲ್ಲ’ ಎಂದಳು ಅವಳು. ಲಿಫ್ಟ್ ರಿಪೇರಿ ಕೆಲಸದ ಮಗ ಒಳಗಿಂದ ಓಡಿಬಂದವನು, ತಪ್ಪು ಮಾಡಿದ್ದಲ್ಲದೆ ಎದುರು ಮಾತು ಬೇರೆ ಎಂದು ಮಗಳ ಬೆನ್ನಿಗೊಂದು ಬಾರಿಸಿಯೇ ಕ್ಲಿನಿಕ್ಕಿಗೆ ಎತ್ತಿಕೊಂಡು ಹೋದ. ಎರಡು ಹೊಲಿಗೆ ಬಿದ್ದವು.

ಸೊಸೆ ಯಾರಿಗೂ ಏನೂ ಅನ್ನಲಿಲ್ಲ. ಸಂಜೆ ಬಂದು ಕತ್ತರಿಯನ್ನು ಕೇಳಿ ತೆಗೆದುಕೊಂಡಳು. ‘ಸ್ವಲ್ಪ ದಿನ ಮೇಲಿರಲಿ ಮಾವ’ ಎಂದಳು, ಅಷ್ಟೆ. ಮಗಳ ತಲೆ ಬಾಚುವಾಗ ಮಾತ್ರ, ‘ಒಂಚೂರು ಅಲ್ಲಾಡಿರ್ತೀಯ ಬಿಡು, ಇನ್ಮೇಲೆ ನೆಟ್ಟಗೆ ಕೂತ್ಕೋ’ ಎಂದು ಸಮಾಧಾನ ಹೇಳಿದಳು. ಅಲ್ಲಿಗೆ ದೊಡ್ಡವರ ಲೆಕ್ಕದಲ್ಲಿ ವಿಚಾರಣೆ ಮುಗಿಯಿತು.

ಹುಡುಗಿಯ ಲೆಕ್ಕದಲ್ಲಿ ಮುಗಿದಿರಲಿಲ್ಲ. ಅವಳು ತಾತನ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಮುಖ ಊದಿಸಿಕೊಳ್ಳುವುದೂ ಇಲ್ಲ, ಮಾತು ಇಲ್ಲ ಅಷ್ಟೆ. ಊಟಕ್ಕೆ ಕೂತಾಗ ತಾತನ ಪಕ್ಕದಲ್ಲಿರುವ ಉಪ್ಪು ಬೇಕಾದರೆ, ‘ಅಪ್ಪಾ, ಆ ಉಪ್ಪು ಈ ಕಡೆ ಕಳಿಸೋಕೆ ಹೇಳು’ ಎನ್ನುವಳು. ಮಗ ನಕ್ಕು ದಾಟಿಸುವನು. ಮೊದಮೊದಲು ತಾತನೂ ನಕ್ಕರು. ತಿಂಗಳು ಕಳೆದ ಮೇಲೆ ನಗು ಬರಲಿಲ್ಲ. ಆ ಹುಡುಗಿ ಅಂಬೆಗಾಲಿಡುವಾಗಿನಿಂದ ಅಂಗಡಿಯ ತಿರುಗುವ ಕುರ್ಚಿಯಲ್ಲಿ ಕೂತು ಬೆಳೆದವಳು, ತಾತನ ಬಾಲ ಎಂದೇ ಬೀದಿಯವರು ಕರೆಯುತ್ತಿದ್ದರು. ಅವಳು ಮತ್ತೆ ಬಂದು ತಮ್ಮ ಮುಂದೆ ಕೂರಬೇಕು, ತಾವು ಅವಳ ಕೂದಲು ಕತ್ತರಿಸಬೇಕು, ತಪ್ಪು ತಮ್ಮದಲ್ಲ ಎಂದು ಎಲ್ಲರಿಗೂ ತಿಳಿಯಬೇಕು ಎನ್ನುವುದೊಂದೇ ಆಸೆ ತಾತನಿಗೆ ಉಳಿದಿತ್ತು.

ಅಂದಹಾಗೆ, ವರ್ಷದ ಹಿಂದೆ ಅಂಗಡಿ ಮುಚ್ಚಿದಾಗ ತಾತ ಕೊಟ್ಟ ಕಾರಣ ಮಂಡಿನೋವು. ಅದೇ ಸುಮಾರಿಗೆ ಟೀ ಅರ್ಧ ಲೋಟ ಸಾಕು, ಹೊಟ್ಟೆ ಉಬ್ಬರಿಸುತ್ತದೆ ಎನ್ನತೊಡಗಿದ್ದರು. ತುಂಬಿದ ಲೋಟ ತಮ್ಮ ಕೈಯಲ್ಲಿ ತುಳುಕುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. ಗೊತ್ತಿದೆ ಎಂದು ತಮಗೆ ತಾವೇ ಒಪ್ಪಿಕೊಂಡಿರಲಿಲ್ಲ.

ಹೀಗಿರುವಾಗ ಮನೆಗೆ ಅಕ್ವೇರಿಯಂ ಬಂತು.

ಸೊಸೆಯ ಕೆಲಸ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ. ಅಲ್ಲಿನ ಯಜಮಾನರು ಮುಂದಿನ ಕೋಣೆಗೆ ಬಣ್ಣ ಹೊಡೆಸುವಾಗ, ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಎರಡಡಿ ಉದ್ದದ ಗಾಜಿನ ತೊಟ್ಟಿಯನ್ನು ಎಸೆಯಲು ಹೊರಟಿದ್ದರು. ಇವಳು ಕೇಳಿ ತಂದಳು. ತಂದಮೇಲೆ ಇಡುವುದೆಲ್ಲಿ? ನೀರು ತುಂಬಿದರೆ ಅದರ ಭಾರಕ್ಕೆ ಬಗ್ಗದ ಮೇಜು ಮನೆಯಲ್ಲಿ ಒಂದೇ. ಅದು ತಾತನ ಅಂಗಡಿಯಿಂದ ಬಂದದ್ದು, ದಪ್ಪ ಮರದ್ದು, ಮೇಲೆ ಕಲ್ಲಿನ ಹಾಸು. ಹಾಲಿನಲ್ಲಿ ತಾತನ ಮಂಚದ ಪಕ್ಕದಲ್ಲೇ ಇತ್ತು. ಅದರ ಮೇಲೆ ಅವರ ಬಾಚಣಿಗೆಗಳು, ಬ್ರಷ್ಷು, ಪೌಡರ್ ಡಬ್ಬಿ ಅಂಗಡಿಯಲ್ಲಿದ್ದ ಸಾಲಿನಲ್ಲೇ ಕೂತಿದ್ದವು.

‘ಆ ಮೇಜಿನ ಮೇಲೆ ಇಡಬಹುದಾ ಮಾವ?’ ಎಂದು ಸೊಸೆ ಕೇಳಿದಳು.

‘ಅದು ಮೇಜಲ್ಲಮ್ಮ, ಕೌಂಟರು’ ಎಂದರು ತಾತ. ‘ಇಡು. ಕತ್ತರಿ ಹೋದ ಮೇಲೆ ಕೌಂಟರ್ ಇಟ್ಕೊಂಡು ನಾನೇನು ಮಾಡಲಿ.’

ಚುಚ್ಚಬೇಕೆಂದೇ ಆಡಿದ ಮಾತು. ಸೊಸೆ ಕೇಳಿಸಿಕೊಂಡಳು. ಬಾಚಣಿಗೆಗಳನ್ನು ಒಂದೊಂದಾಗಿ ಒರೆಸಿ ಡ್ರಾಯರಿನಲ್ಲಿ ಅದೇ ಸಾಲಿನಲ್ಲಿ ಜೋಡಿಸಿಟ್ಟಳು.

ಮೀನಿನ ತೊಟ್ಟಿ ಎಂದಮೇಲೆ ಮೀನು ಬರುತ್ತದೆ ಎಂದು ತಾತ ಕಾದರು. ಮೀನು ಬರಲಿಲ್ಲ, ನೀರೂ ಬರಲಿಲ್ಲ. ಬಂದದ್ದು ಒಂದು ಚೀಲ ಕಪ್ಪು ಮಣ್ಣು ಮತ್ತು ಮುಚ್ಚಳದ ಪುಟ್ಟ ಡಬ್ಬಿಗಳಲ್ಲಿ ಒಂದೊಂದು ಹಿಡಿ ಹಸಿರು, ನೀರಲ್ಲಿ ಬೆಳೆಯುವ ಹುಲ್ಲಂತೆ. ಇನ್ನೊಂದು ಭಾನುವಾರ ಅಮ್ಮ ಮಗಳು ತೊಟ್ಟಿಯ ಮುಂದೆ ಕೂತರು. ಮಗಳು ಒದ್ದೆ ಕಾಗದದ ಮೇಲೆ ಆ ಹಸಿರನ್ನು ಬಿಡಿಸಿ ನಾಲ್ಕೆಳೆ ಐದೆಳೆಯ ಗುಪ್ಪೆ ಮಾಡಿ ಕೊಡುವಳು. ಅಮ್ಮ ಮೇಣದಲ್ಲಿ ಹಲ್ಲು ಕೂರಿಸುವ ಚಿಮಟದಿಂದ ಅದನ್ನು ಹಿಡಿದು ಮಣ್ಣಿನಲ್ಲಿ ಬೆರಳಗಲಕ್ಕೊಂದರಂತೆ ನೆಡುವಳು. ಬೆಳಿಗ್ಗೆ ಕೂತವರು ಎದ್ದದ್ದು ಸಂಜೆ. ಆ ದಿನ ಮನೆಗೆಲ್ಲ ಬ್ರೆಡ್ಡು, ಮೊಟ್ಟೆ. ಕೊನೆಗೆ ನೀರು ಚಿಮುಕಿಸಿ, ತೊಟ್ಟಿಯ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಎಳೆದು, ಮೇಲೊಂದು ದೀಪ ಹಚ್ಚಿದರು.

ರಾತ್ರಿ ಊಟಕ್ಕೆ ಕೂತಾಗ ಮಗ ಕರೆಂಟ್ ಬಿಲ್ಲಿನ ಚಿಂತೆ ತೆಗೆದ. ದಿನಕ್ಕೆ ಹತ್ತು ಗಂಟೆ ದೀಪ ಉರಿಸುವುದು ಬರೀ ಮಣ್ಣಿಗಾ ಎಂದ. ಮೊದಲು ನೀರಿಲ್ಲದೆ ಬೇರೂರಬೇಕು, ನೆಲವೆಲ್ಲ ಹುಲ್ಲುಹಾಸಾಗಬೇಕು, ಅದಕ್ಕೆ ಆರು ವಾರ ಬೇಕು, ಈಗಲೇ ನೀರು ತುಂಬಿದರೆ ಎಲ್ಲ ಕಿತ್ತು ತೇಲುತ್ತದೆ ಎಂದು ಸೊಸೆ ವಿವರಿಸಿದಳು. ತಾತ ತಟ್ಟೆಯಿಂದ ತಲೆಯೆತ್ತದೆ, ಮೀನಿಲ್ಲದ ತೊಟ್ಟಿಯನ್ನು ಮೊದಲ ಸಲ ನೋಡುತ್ತಿದ್ದೇನೆ, ಇನ್ನು ಲಿಫ್ಟಿಲ್ಲದ ಕಟ್ಟಡಕ್ಕೆ ನನ್ನ ಮಗ ಲಿಫ್ಟ್ ರಿಪೇರಿ ಮಾಡುವುದೊಂದು ಬಾಕಿ ಎಂದರು. ಮಗ ಜೋರಾಗಿ ನಕ್ಕ. ಮೊಮ್ಮಗಳಿಗೂ ನಗು ಬಂದದ್ದು ತಾತನಿಗೆ ಕಂಡಿತು. ಅವಳು ಅದನ್ನು ಅನ್ನದ ಜೊತೆ ನುಂಗಿಕೊಂಡಳು.

ಹಂಗಿಸಿದ್ದೇನೋ ಹಂಗಿಸಿದರು. ಆದರೆ ದಿನವಿಡೀ ಮನೆಯಲ್ಲಿರುವವರು ತಾತನೊಬ್ಬರೇ, ಮಂಚದ ಪಕ್ಕದಲ್ಲೇ ಬೆಳಗುವ ತೊಟ್ಟಿ. ನೋಡದೆ ಮಾಡುವುದೇನು? ಮೊದಲ ವಾರ ಗುಪ್ಪೆಗಳು ಸೊರಗಿ ನಿಂತವು. ಎರಡನೇ ವಾರ ಒಂದೊಂದರ ಬುಡದಲ್ಲೂ ಹೊಸ ಎಳೆ ಮೂಡಿತು. ಮೂರನೇ ವಾರಕ್ಕೆ ನೆಲ ಎರಡು ದಿನ ಶೇವ್ ಮಾಡದ ಗದ್ದದಂತಾಯಿತು. ತಾತ ಪೇಪರ್ ಮುಗಿದ ಮೇಲೆ ಕುರ್ಚಿಯನ್ನು ಗಾಜಿನ ಹತ್ತಿರ ಎಳೆದುಕೊಂಡು ಕೂರತೊಡಗಿದರು. ಎಡಮೂಲೆಯಲ್ಲಿ ಬೂಷ್ಟು ಹಿಡಿಯುತ್ತಿರುವುದನ್ನು ಮೊದಲು ಕಂಡವರೂ ಅವರೇ. ಗಾಳಿಯಾಡುತ್ತಿಲ್ಲ, ದಿನಕ್ಕೆ ಅರ್ಧ ಗಂಟೆ ಹಾಳೆ ಸರಿಸು ಎಂದು ಸೊಸೆಗೆ ಹೇಳಿದರು. ಅವಳು ಮಾಡಿದಳು, ಬೂಷ್ಟು ಹೋಯಿತು. ‘ಮಾವನ ಕಣ್ಣು ಇನ್ನೂ ಚುರುಕು’ ಎಂದು ಅವಳು ಗಂಡನಿಗೆ ಹೇಳಿದ್ದು ತಾತನ ಕಿವಿಗೆ ಬಿತ್ತು. ಕಣ್ಣು ಎಂದಳು, ಕೈ ಎನ್ನಲಿಲ್ಲ ಎಂದು ಅವರು ಅದನ್ನೂ ಕೆದಕಿ ನೋವು ಮಾಡಿಕೊಂಡರು.

ಆರು ವಾರ ತುಂಬಿದ ದಿನ ನೀರು ಬಿಟ್ಟರು. ಹುಲ್ಲಿನ ಮೇಲೆ ಒಂದು ತಟ್ಟೆ ಇಟ್ಟು, ಅದರ ಮೇಲೆ ಸಣ್ಣ ಕೊಳವೆಯಿಂದ ನಿಧಾನವಾಗಿ ಇಳಿಸಿದರು. ನೀರು ಬೆರಳು ಬೆರಳಾಗಿ ಏರಿತು, ಹುಲ್ಲು ಒಂದೆಳೆಯೂ ಕಿತ್ತುಬರದೆ ಹಾಗೇ ನಿಂತಿತು. ಮಗ ಕೂಡ ಕರೆಂಟ್ ಬಿಲ್ಲು ಮರೆತು ಗಾಜಿಗೆ ಮೂಗು ಒತ್ತಿದ. ಫಿಲ್ಟರ್ ಓಡಿಸಿ, ಮೂರು ವಾರ ನೀರು ಹದವಾಗಲು ಬಿಟ್ಟು, ಉಗುರುದ್ದದ ಹತ್ತು ಮೀನು ತಂದರು. ಹೊಟ್ಟೆ ಮುಂದೆ ಮಾಡಿಕೊಂಡು ಎಲ್ಲರನ್ನೂ ಅಟ್ಟಿಸುವ ಒಂದಕ್ಕೆ ಹುಡುಗಿ ಹೆಡ್‌ಮಾಸ್ಟರ್ ಎಂದು ಹೆಸರಿಟ್ಟಳು.

ಇನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ಹುಲ್ಲುಹಾಸು ಎರಡು ಬೆರಳು ದಪ್ಪ ಬೆಳೆಯಿತು. ನೋಡಿದವರೆಲ್ಲ ಏನು ಚೆಂದ ಎಂದರು. ತಾತನಿಗೆ ಮಾತ್ರ ಅದು ಚೆಂದ ಕಾಣಲಿಲ್ಲ. ಮೂರು ತಿಂಗಳು ಅಂಗಡಿಗೆ ಬಾರದೆ ತಪ್ಪಿಸಿಕೊಂಡ ಗಿರಾಕಿಯ ತಲೆ ಅದು. ಅವರು ಬಗ್ಗಿ ಪಕ್ಕದಿಂದ ನೋಡಿದರು. ಮೇಲಿನ ಪದರ ಹಚ್ಚಗಿತ್ತು, ಬೆಳಕು ಇಳಿಯದೆ ಬುಡ ಹಳದಿಗೆ ತಿರುಗುತ್ತಿತ್ತು.

‘ಇದು ಕಟಿಂಗಿಗೆ ಬಂದಿದೆಯಮ್ಮ’ ಎಂದರು ಸೊಸೆಗೆ.

ಸೊಸೆಗೂ ಗೊತ್ತಿತ್ತು. ಆದರೆ ಅವಳ ಅಕ್ಕನಿಗೆ ಕಣ್ಣಿನ ಆಪರೇಷನ್, ಹತ್ತು ದಿನ ಅಲ್ಲಿರಬೇಕು, ಮಾರನೇ ದಿನವೇ ಹೊರಡಬೇಕು. ಬಂದು ಮಾಡುತ್ತೇನೆ ಎಂದಳು. ದೀಪ, ಊಟ, ಫಿಲ್ಟರಿನ ಉಸ್ತುವಾರಿಯನ್ನು ಮಗಳಿಗೆ ಒಪ್ಪಿಸಿದಳು. ‘ಬೇರೆ ಯಾರೂ ಒಳಗೆ ಕೈ ಹಾಕೋದು ಬೇಡ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಎಲ್ಲರಿಗೂ ಎಂದರೆ ಯಾರಿಗೆ ಎನ್ನುವುದು ತಾತನಿಗೆ ಅರ್ಥವಾಗದೆ ಇರಲಿಲ್ಲ.

ಅವಳು ಹೋದ ಮೇಲೆ ಅಡುಗೆ ಮಗನ ಪಾಲಿಗೆ ಬಂತು. ಲಿಫ್ಟಿನ ಗ್ರೀಸು ತೊಳೆದ ಕೈಯಲ್ಲಿ ಅವನು ಮಾಡಿದ ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ಮೂವರೂ ಕೂತು ಉಣ್ಣುವರು, ಮಾತೆಲ್ಲ ಅವನ ಮೂಲಕವೇ ಹಾಯಬೇಕು. ನಾಲ್ಕನೇ ದಿನ ಅವನಿಗೂ ಸಾಕಾಗಿ, ‘ನಾನೇನು ಮನೇಲೂ ಮೇಲೆ ಕೆಳಗೆ ಓಡಾಡೋ ಲಿಫ್ಟಾ? ತಾತಂಗೆ ನೀನೇ ಹೇಳು’ ಎಂದು ಮಗಳ ಮೇಲೆ ರೇಗಿದ. ಹುಡುಗಿ ಊಟ ಬಿಟ್ಟು ಎದ್ದುಹೋದಳು.

‘ಮಗು ಅಲ್ವೇನೋ. ಬೈಬೇಡ’ ಎಂದರು ತಾತ.

‘ಒಂಚೂರು ಅಲ್ಲಾಡಿದ್ದಕ್ಕೆ ಇಷ್ಟು ಹಠ ಯಾಕೆ ಅಂತ? ತಪ್ಪಾಯ್ತು ಅಂದಿದ್ರೆ ಅವತ್ತೇ ಮುಗೀತಿತ್ತು. ನೀನು ಒಂದು ದಿನವೂ ಅವಳನ್ನ ಬೈದೋನಲ್ಲ.’

ತಾತ ತಟ್ಟೆಯಲ್ಲೇ ಕೈ ತೊಳೆದುಕೊಂಡರು.

ಆರನೇ ದಿನ ತೊಟ್ಟಿಯ ಬಲಮೂಲೆಯಲ್ಲಿ ಹುಲ್ಲುಹಾಸು ಹೆಬ್ಬೆರಳಗಲ ಮೇಲೆದ್ದಿತ್ತು. ಅಡಿಯಲ್ಲಿ ಗಾಳಿಗುಳ್ಳೆ, ಕೊಳೆತ ಬೇರು. ಇನ್ನೆರಡು ದಿನ ಬಿಟ್ಟರೆ ಹಾಸು ಹಾಸಾಗಿ ಕಿತ್ತು ತೇಲುತ್ತದೆ ಎಂದು ತಾತ ಲೆಕ್ಕ ಹಾಕಿದರು. ಮಗನ ಕೈಯಲ್ಲಿ ಫೋನ್ ಮಾಡಿಸಿದರು. ಸೊಸೆ ಆಸ್ಪತ್ರೆಯ ಗಲಾಟೆಯಲ್ಲಿದ್ದಳು. ಯಾರೂ ಮುಟ್ಟಬೇಡಿ, ಶನಿವಾರ ಬಂದುಬಿಡುತ್ತೇನೆ ಎಂದು ಫೋನಿಟ್ಟಳು.

‘ಶನಿವಾರಕ್ಕೆ ಮುಟ್ಟೋಕೆ ಏನೂ ಉಳಿದಿರಲ್ಲ’ ಎಂದರು ತಾತ. ಮಗ ಭುಜ ಕುಣಿಸಿ ಕೆಲಸಕ್ಕೆ ಹೋದ.

ಬುಧವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ತಾತ ಮಂಡಿನೋವನ್ನು ಲೆಕ್ಕಿಸದೆ ಸ್ಟೂಲು ಹತ್ತಿ ಕಪಾಟಿನ ಮೇಲಿನ ಬಿಸ್ಕೆಟ್ ಡಬ್ಬಿಯನ್ನು ಇಳಿಸಿದರು. ಕತ್ತರಿ ಬಟ್ಟೆಯಲ್ಲಿ ಸುತ್ತಿತ್ತು. ಐದು ತಿಂಗಳಾದರೂ ಬೆರಳುಗಳು ತಾವಾಗಿಯೇ ಅದರ ಕಣ್ಣಿನೊಳಗೆ ಹೋಗಿ ಕೂತವು. ತೊಟ್ಟಿಯ ಮುಂದೆ ನಿಂತು ಅಂಗಿಯ ತೋಳು ಮೇಲಕ್ಕೆ ಸುತ್ತಿ ಕತ್ತರಿ ಬಿಡಿಸಿದರು. ಅಲಗುಗಳು ಒಂದಕ್ಕೊಂದು ತಾಗಿ ಟಿಕಟಿಕ ಎಂದವು. ಸ್ಟೂಲು ಹತ್ತಿ ಇಳಿದ ಆಯಾಸ ಎಂದುಕೊಂಡರು.

ತೋಳನ್ನು ಗಾಜಿನ ಅಂಚಿಗೆ ಊರಿ ಕೈಯನ್ನು ಮೊಣಕೈವರೆಗೆ ಇಳಿಸಿದರು. ನೀರು ತಣ್ಣಗಿತ್ತು. ಹೆಡ್‌ಮಾಸ್ಟರ್ ಬಂದು ಬೆರಳನ್ನೊಮ್ಮೆ ಮೂಸಿ ಹೋದ. ತಾತ ಹಿಂದಿನ ಗಾಜಿನ ಕಡೆಯಿಂದ, ಗಿರಾಕಿಯ ಕುತ್ತಿಗೆಯಿಂದ ಮೇಲೆ ಹೋಗುವ ಹಾಗೆ ಶುರುಮಾಡಿದರು. ಅಲಗನ್ನು ಮಲಗಿಸಿ, ಎಡಗೈ ಬೆರಳಲ್ಲಿ ಹುಲ್ಲನ್ನು ಮೆತ್ತಗೆ ಹಿಡಿದು, ಅರ್ಧ ಬೆರಳಷ್ಟು ಬಿಟ್ಟು ಮಿಕ್ಕದ್ದನ್ನು ತೆಗೆದರು. ಒಂದು ಸಾಲು, ಎರಡು ಸಾಲು, ಎಲ್ಲೂ ಮೆಟ್ಟಿಲಿಲ್ಲ, ಹಳ್ಳವಿಲ್ಲ. ಮೇಲೆದ್ದ ಮೂಲೆಯ ಕೊಳೆತ ಭಾಗವನ್ನು ಬಿಡಿಸಿ, ಉಳಿದದ್ದನ್ನು ಹೆಬ್ಬೆರಳಿನಿಂದ ಮಣ್ಣಿಗೆ ಒತ್ತಿದರು. ಅಷ್ಟು ಸಂತೋಷ ಅವರಿಗೆ ವರ್ಷದಿಂದ ಆಗಿರಲಿಲ್ಲ. ಯಾರಾದರೂ ಈಗ ಬಂದು ನೋಡಬೇಕು ಎನ್ನಿಸಿತು. ಈ ಕೈಯನ್ನಾ ಇವರು ನಂಬದೆ ಇದ್ದದ್ದು!

ಅರ್ಧ ಮುಗಿದಾಗ ಬೆನ್ನು ನೆಟ್ಟಗೆ ಮಾಡಲು ಕೈ ಹೊರಗೆ ತೆಗೆದರು. ಟಿಕಟಿಕ ಸದ್ದು ಮತ್ತೆ ಶುರುವಾಯಿತು.

ತಾತ ಕತ್ತರಿಯನ್ನೇ ನೋಡಿದರು. ತುದಿಯಿಂದ ಹನಿಗಳು ಒಂದೇ ಕಡೆ ಬೀಳದೆ ಕಲ್ಲಿನ ಹಾಸಿನ ಮೇಲೆ ಅಲ್ಲಿ ಇಲ್ಲಿ ಸಿಡಿಯುತ್ತಿದ್ದವು. ಕೈಯನ್ನು ಮತ್ತೆ ನೀರಿಗೆ ಬಿಟ್ಟರು. ಸದ್ದು ನಿಂತಿತು. ಹೊರಗೆ ತೆಗೆದರು, ಟಿಕಟಿಕ. ಒಳಗೆ ಬಿಟ್ಟರು, ನಿಂತಿತು. ನೀರು ಎಲ್ಲ ಕಡೆಯಿಂದಲೂ ಒತ್ತಿ ಹಿಡಿದಿರುವವರೆಗೆ ಮಾತ್ರ ಅದು ಹಳೆಯ ಕೈ. ಗಾಳಿಯಲ್ಲಿ ಅದು ಬೇರೆಯೇ ಕೈ. ಹತ್ತು ಸಲ ಮಾಡಿ ನೋಡಿದರೂ ಹತ್ತು ಸಲವೂ ಅದೇ ಆಯಿತು. ಆಯಾಸ, ಸ್ಟೂಲು, ಚಳಿ ಎಂದು ಹೇಳಿಕೊಳ್ಳಲು ಏನೂ ಉಳಿಯಲಿಲ್ಲ.

ಹಾಗಾದರೆ ಆ ಭಾನುವಾರ ಅಲ್ಲಾಡಿದ್ದು ಯಾರು? ಬಾಲ್ಕನಿ, ಟವೆಲು, ಬಗ್ಗಿದ ಪುಟ್ಟ ತಲೆ ಕಣ್ಣಿಗೆ ಕಟ್ಟಿದವು. ಮಗು ಕಲ್ಲಿನಂತೆ ಕೂತಿದ್ದಳು. ತಾತ ಬಗ್ಗಿ ಎಂದರೆ ಉಸಿರು ಹಿಡಿದು ಕೂರುವುದನ್ನು ಅವಳಿಗೆ ಕಲಿಸಿದ್ದೇ ಅವರು. ತಾತ ಮಂಚದ ಮೇಲೆ ಕೂತುಬಿಟ್ಟರು. ಅವರಿಗೆ ತಮ್ಮ ಮೇಲೆ ಅಸಹ್ಯವಾಯಿತು.

ಆದರೂ ಉಳಿದ ಅರ್ಧವನ್ನು ಮುಗಿಸಿದರು. ಅರ್ಧ ತಲೆ ಮಾಡಿ ಕಳಿಸುವುದು ಅವರ ಜಾಯಮಾನವಲ್ಲ. ಕತ್ತರಿ ಒರೆಸಿ, ಎಣ್ಣೆ ಸವರಿ, ಡಬ್ಬಿಗೆ ಹಾಕಿ ಮೇಲಿಟ್ಟರು. ಕತ್ತರಿಸಿದ ಹುಲ್ಲು ಎಲ್ಲಿ ಹೋಯಿತು ಎಂದು ಮಾತ್ರ ಅವರಿಗೆ ಹೊಳೆಯಲಿಲ್ಲ. ಅಂಗಡಿಯಲ್ಲಿ ಕೂದಲು ನೆಲಕ್ಕೆ ಬೀಳುತ್ತಿತ್ತು, ಗುಡಿಸಲು ಬೇರೆ ಜನ ಇದ್ದರು. ನಲವತ್ತೊಂದು ವರ್ಷ ಅವರು ನೆಲ ನೋಡಿದವರಲ್ಲ. ಇಲ್ಲಿ ಸಾವಿರಾರು ಎಳೆಗಳು ಮೇಲೆ ತೇಲಿ, ಸುತ್ತಿ ಸುತ್ತಿ, ಓಡುತ್ತಿದ್ದ ಫಿಲ್ಟರಿನ ಬಾಯಿಗೆ ಹೋಗಿ ಸೇರುತ್ತಿದ್ದವು.

ಸ್ಕೂಲಿಂದ ಬಂದ ಹುಡುಗಿ ತೊಟ್ಟಿಯ ಮುಂದೆ ನಿಂತಳು. ಹುಲ್ಲು ನೋಡಿದಳು, ತಾತನ ಒದ್ದೆ ತೋಳು ನೋಡಿದಳು. ತಾತ ಪೇಪರನ್ನು ಮುಖಕ್ಕೆ ಹಿಡಿದರು. ಅವಳು ಬಲೆ ತಂದು ತೇಲುತ್ತಿದ್ದದ್ದನ್ನು ಸಿಕ್ಕಷ್ಟು ತೆಗೆದಳು.

ಶುಕ್ರವಾರ ಬೆಳಿಗ್ಗೆ ತೊಟ್ಟಿಯಲ್ಲಿ ನೀರಿನ ಸದ್ದಿರಲಿಲ್ಲ, ಫಿಲ್ಟರ್ ಕಟ್ಟಿಕೊಂಡು ನಿಂತಿತ್ತು. ನೀರು ಮಬ್ಬಾಗಿತ್ತು, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು, ಎರಡು ಮಗುಚಿ ಬಿದ್ದಿದ್ದವು. ಒಂದು ಹೆಡ್‌ಮಾಸ್ಟರ್. ಹುಡುಗಿ ಒಬ್ಬಳೇ ಫಿಲ್ಟರ್ ಬಿಚ್ಚಿ, ಹಸಿರಿನಿಂದ ಗಟ್ಟಿಯಾಗಿದ್ದ ಸ್ಪಂಜನ್ನು ಬಚ್ಚಲಲ್ಲಿ ಹಿಂಡಿ ಹಿಂಡಿ ತೊಳೆದಳು. ಅವಳು ಮೂಗು ಸೇದುವುದು ಹಾಲಿನವರೆಗೂ ಕೇಳುತ್ತಿತ್ತು. ತಾತ ಎರಡು ಸಲ ಎದ್ದು ಬಚ್ಚಲ ಬಾಗಿಲವರೆಗೆ ಹೋಗಿ ವಾಪಸು ಬಂದರು. ಹೇಳಲು ಹೊರಟ ಮಾತನ್ನು ಇವತ್ತಲ್ಲ, ನಾಳೆ ಎಂದು ಮುಂದೂಡುತ್ತಿದ್ದರು.

ಶನಿವಾರ ಸಂಜೆ ಸೊಸೆ ಬಂದಳು. ಮಗ ಇರಲಿಲ್ಲ, ಯಾವುದೋ ಆಫೀಸಿನಲ್ಲಿ ಲಿಫ್ಟ್ ನಡುವೆ ನಿಂತಿತ್ತು. ಬ್ಯಾಗ್ ಇಳಿಸುವ ಮೊದಲೇ ಅವಳ ಕಣ್ಣು ತೊಟ್ಟಿಗೆ ಹೋಯಿತು. ನೀರು ಇನ್ನೂ ತಿಳಿಯಾಗಿರಲಿಲ್ಲ. ಎಣಿಸಿದಳು, ಎಂಟೇ ಮೀನು. ಹುಲ್ಲು ನೋಡಿದಳು.

ಯಾರು ಕತ್ತರಿಸಿದ್ದು ಎಂದು ಮಗಳನ್ನು ಕೇಳಿದಳು. ಹುಡುಗಿ ಸುಮ್ಮನಿದ್ದಳು. ಮತ್ತೆ ಕೇಳಿದಳು, ಮತ್ತೂ ಸುಮ್ಮನೆ. ಹತ್ತು ದಿನದ ನಿದ್ದೆಗೇಡು, ಬಸ್ಸಿನ ದಣಿವು ಎಲ್ಲ ಸೇರಿ ಸೊಸೆಯ ದನಿ ಏರಿತು. ಫಿಲ್ಟರ್ ನಿಲ್ಲಿಸದೆ ಕತ್ತರಿ ಹಾಕಿದರೆ ಏನಾಗುತ್ತದೆ ಎಂದು ನೂರು ಸಲ ಹೇಳಿರಲಿಲ್ಲವಾ ಎಂದಳು. ‘ನಿಂಗೆ ಒಪ್ಪಿಸಿ ಹೋಗಿದ್ದೆ ನಾನು. ಮಾಡಿದ್ದನ್ನ ಮಾಡ್ದೆ ಅಂತ ಹೇಳೋಕೇನು?’

‘ನಾನಲ್ಲ ಅಂದ್ರೆ ನಂಬ್ತೀಯಾ?’ ಎಂದಳು ಹುಡುಗಿ.

‘ನೀನಲ್ದೆ ಇನ್ಯಾರು?’

‘ಅವತ್ತೂ ನಾನು ಅಲ್ಲಾಡ್ಲಿಲ್ಲ ಅಂದೆ. ನಂಬಿದ್ಯಾ?’

ಅವಳು ತಾತನ ಕಡೆ ತಿರುಗಿ ನೋಡಲಿಲ್ಲ. ಬೆರಳು ತೋರಿಸಲಿಲ್ಲ. ಅದನ್ನೇ ತಾತನಿಗೆ ತಡೆದುಕೊಳ್ಳಲಾಗಲಿಲ್ಲ. ಈಗಲೂ ಸುಮ್ಮನಿದ್ದರೆ ತಪ್ಪು ಹೋಗಿ ಆ ಪುಟ್ಟ ತಲೆಯ ಮೇಲೆಯೇ ಕೂರುತ್ತದೆ, ಅವಳು ಅದನ್ನೂ ಹೊತ್ತುಕೊಳ್ಳುತ್ತಾಳೆ, ಆಮೇಲೆ ಈ ಜನ್ಮದಲ್ಲಿ ತಮ್ಮ ಕಡೆ ಬರುವುದಿಲ್ಲ.

ಅವರು ಎದ್ದು ಅಡುಗೆಮನೆಗೆ ಹೋದರು. ಸ್ಟೂಲು ಎಳೆಯುವ ಸದ್ದಾಯಿತು. ಡಬ್ಬಿ ಹಿಡಿದು ಬಂದು ಕತ್ತರಿ ತೆಗೆದರು.

‘ಹುಲ್ಲು ಕತ್ತರಿಸಿದ್ದು ನಾನಮ್ಮ. ಮೀನು ಸತ್ತಿದ್ದೂ ನನ್ನಿಂದಾನೇ. ಅವಳು ಎರಡು ದಿನ ನನ್ನ ಕಸ ಗುಡಿಸಿದ್ಲು, ಅಷ್ಟೇ ಅವಳು ಮಾಡಿದ್ದು. ಇಲ್ಲಿ ನೋಡು.’

ಕತ್ತರಿ ಬಿಡಿಸಿ ಇಬ್ಬರ ಮುಂದೆ ಚಾಚಿದರು. ಟಿಕಟಿಕ ಟಿಕಟಿಕ. ಅಡಗಿಸುವ ಪ್ರಯತ್ನ ಮಾಡಲಿಲ್ಲ, ಅವರಿಬ್ಬರೂ ಸಾಕಷ್ಟು ಕೇಳುವವರೆಗೆ ಹಾಗೇ ಹಿಡಿದರು. ಆಮೇಲೆ ಅಂಗಿಯ ತೋಳಿನ ಸಮೇತ ತೊಟ್ಟಿಗೆ ಕೈ ಇಳಿಸಿದರು. ಸದ್ದು ನಿಂತಿತು. ಹೊರಗೆ ತೆಗೆದರು, ಮತ್ತೆ ಬಂತು.

‘ಆ ಭಾನುವಾರ ಮಗು ಅಲ್ಲಾಡಲಿಲ್ಲ. ಅಲ್ಲಾಡಿದ್ದು ಈ ಕೈ.’

ಸೊಸೆ ಬ್ಯಾಗಿನ ಮೇಲೆಯೇ ಕೂತಳು. ‘ನಂಗೆ ಗೊತ್ತಿತ್ತು ಮಾವ’ ಎಂದಳು, ಮೆಲ್ಲಗೆ.

ಹುಡುಗಿ ಗಕ್ಕನೆ ಅಮ್ಮನ ಕಡೆ ತಿರುಗಿದಳು. ‘ಗೊತ್ತಿದ್ದೂ ನಂಗೇ ಹೇಳಿದ್ಯಾ, ಒಂಚೂರು ಅಲ್ಲಾಡಿರ್ತೀಯ ಅಂತ?’

ಮನೆಯಲ್ಲಿ ಜಗಳ ಬೇಡ, ಹಿರಿಯರ ಮನಸ್ಸು ನೋಯಬಾರದು ಎಂದು ತಾನು ಸುಲಭದ ಕಡೆಗೆ ವಾಲಿದೆ ಎನ್ನುವುದು ಸೊಸೆಗೂ ತಿಳಿಯಿತು. ಮಗಳ ಕೈ ಹಿಡಿಯಲು ಹೋದಳು. ಹುಡುಗಿ ಬಿಡಿಸಿಕೊಂಡು ತಾತನ ಮುಂದೆ ಬಂದು ನಿಂತಳು. ಐದು ತಿಂಗಳ ಮೇಲೆ ಅವರ ಮುಖಕ್ಕೇ ಕೇಳಿದಳು.

‘ಅವತ್ತೇ ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ಕತ್ತರಿ ಹೋಗ್ತಿತ್ತು’ ಎಂದರು ತಾತ.

‘ಹೆಂಗಿದ್ರೂ ಹೋಯ್ತಲ್ಲ.’

‘ಹೂಂ. ಕತ್ತರಿನೂ ಹೋಯ್ತು. ನೀನೂ ಹೋದೆ.’

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮಗನ ಹೆಜ್ಜೆ ಕೇಳಿತು. ಊರಿನ ಲಿಫ್ಟುಗಳನ್ನೆಲ್ಲ ಏರಿಸಿ ಇಳಿಸಿ ಬರುವವನು ತನ್ನ ಮನೆಗೆ ಮಾತ್ರ ಮೆಟ್ಟಿಲು ಹತ್ತಿ ಬರಬೇಕು, ಏದುಸಿರು ಬಾಗಿಲಾಚೆಯಿಂದಲೇ ಗೊತ್ತಾಗುತ್ತಿತ್ತು.

‘ಅಪ್ಪಂಗೂ ಹೇಳು’ ಎಂದಳು ಹುಡುಗಿ. ‘ನಂಗೆ ಹೊಡೆದಿದ್ದು ಅಪ್ಪ.’

ಸೊಸೆ, ಈಗ ಬೇಡ, ದಣಿದು ಬಂದಿದ್ದಾರೆ, ಊಟವಾಗಲಿ ಎಂದು ಏನೋ ಹೇಳಹೊರಟಳು. ತಾತ ಕೈಯೆತ್ತಿ ಅವಳನ್ನು ತಡೆದರು. ಸೊಸೆಗೆ ಹೇಳಿದ್ದು ಕಷ್ಟವೇ ಆಗಿತ್ತು. ಆದರೆ ಮಗನೆಂದರೆ, ಅಪ್ಪನ ಕೈಗೆ ಸಮನಾದ ಕೈ ಊರಲ್ಲಿಲ್ಲ ಎಂದು ಚಿಕ್ಕಂದಿನಿಂದ ನಂಬಿ ಬೆಳೆದವನು. ಅದನ್ನು ನಂಬಿಯೇ ತನ್ನ ಮಗಳ ಬೆನ್ನಿಗೆ ಹೊಡೆದವನು.

ಬಾಗಿಲು ತೆರೆಯಿತು. ಮಗ ಸಾಮಾನಿನ ಚೀಲ ಕೆಳಗಿಟ್ಟು ಒಂದು ಚಪ್ಪಲಿ ಬಿಟ್ಟ. ತಾತ ಅವನ ಕಡೆ ತಿರುಗಿದರು. ಒದ್ದೆ ತೋಳಿನಿಂದ ನೀರು ನೆಲಕ್ಕೆ ಸುರಿಯುತ್ತಿತ್ತು.

‘ಅವಳು ಅಲ್ಲಾಡಲಿಲ್ಲ ಕಣೋ’ ಎಂದರು. ‘ನನ್ನ ಕೈ ನಡುಗಿತು. ಸುಳ್ಳು ಹೇಳಿ ನಿನ್ನ ಕೈಯಲ್ಲಿ ಮಗೂನ ಹೊಡೆಸಿದೆ.’

ಮಗ ಅಪ್ಪನನ್ನು ನೋಡಿದ, ಅವರ ಕೈಯಲ್ಲಿದ್ದ ಕತ್ತರಿ ನೋಡಿದ, ಆಮೇಲೆ ಇನ್ನೊಂದು ಚಪ್ಪಲಿ ಕಾಲಲ್ಲೇ ಇರುವಂತೆ ಬಂದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಕಿವಿಗೆ ಹೊಲಿಗೆ ಹಾಕುವಾಗಲೂ ಅಳದಿದ್ದ ಹುಡುಗಿ ಆಗ ಬಾಯಿಬಿಟ್ಟು ಜೋರಾಗಿ ಅತ್ತುಬಿಟ್ಟಳು.